ಇಳಕಲ್ಲಿನ ಮಗ್ಗದ ಮನೆಯಲ್ಲಿ ನಾಲ್ಕು ದಿನ

ಚಿತ್ರದುರ್ಗದಿಂದ ಹೊಸಪೇಟೆಯ ಮಾರ್ಗವಾಗಿ ವಿಜಯಪುರದತ್ತ ಸಾಗುವ ಹೆದ್ದಾರಿಯಲ್ಲಿ ಕುಷ್ಟಗಿಯನ್ನು ದಾಟಿ ಮುಂದೆ ಬಂದರೆ ಬಾಗಲಕೋಟೆ ಜಿಲ್ಲೆಯ ಇಳಕಲ್ ಸಿಗುತ್ತದೆ. ಹೊರಗಿನವರಿಗೆ ಈ ಊರು ಎರಡು ಕಾರಣಗಳಿಂದ ಪರಿಚಿತ. ಒಂದು ಇಲ್ಲಿಯ ಕೆಂಪು ಛಾಯೆಯ ಗ್ರಾನೈಟ್ ಕಲ್ಲು. ಇನ್ನೊಂದು ಉತ್ತರ ಕರ್ನಾಟಕದಲ್ಲಿ ಮದುವೆ, ಕುಬಸಗಳಿಗೆ ಬೇಕೇ ಬೇಕೆನ್ನುವ ಇಳಕಲ್ ಸೀರೆ. ಬಸವ ಭಕ್ತರಿಗೆ ಮೂರನೆಯ ಕಾರಣವೂ ಉಂಟು. ಚಿತ್ತರಗಿ ಇಳಕಲ್ ವಿಜಯಮಹಾಂತೇಶ ಮಠ ಇಲ್ಲಿದೆ. ಹುನಗುಂದದ ಆಚೆ, ಮೋಟಾರಿನಲ್ಲಿ ಹೆಚ್ಚು ಹೊತ್ತು ಹಿಡಿಯದಷ್ಟು ದೂರದಲ್ಲಿ, ಕೂಡಲಸಂಗಮವಿದೆ. ನಾವು ಹೋದದ್ದು ಹೊಲಗಳಲ್ಲಿ ಬಿಳಿಜೋಳ ತೆನೆಗಟ್ಟಿ ನಿಂತಿದ್ದ ಮಾಗಿಯ ದಿನಗಳಲ್ಲಿ. ಸಂಗಮೇಶ್ವರನ ದರ್ಶನ, ನಾಲ್ಕು ಸೀರೆಗಳ ಖರೀದಿ, ಬಹುಕಾಲದಿಂದ ಕರೆಯುತ್ತಿದ್ದ ಬಂಧುಗಳ ಮನೆಯಲ್ಲಿ ಒಂದೆರಡು ದಿನದ ವಾಸ ಎಂದು ಹೊರಟಿದ್ದೆವು. ಅಲ್ಲಿ ಕಂಡ ಒಂದು ವಿಷಯ ನಮ್ಮ ಮನಸ್ಸನ್ನು ಎಷ್ಟು ಹಿಡಿದಿಟ್ಟಿತೆಂದರೆ ಎರಡು ದಿನದ ವಾಸ ನಾಲ್ಕು ದಿನವಾಯಿತು.

ಇಳಕಲ್ಲಿನ ಹಳೆಯ ಓಣಿಗಳಲ್ಲಿ ನಡೆಯುವವರಿಗೆ ಮೊದಲು ಎದುರಾಗುವುದು ಸದ್ದು. ಒಂದು ಮನೆಯಿಂದ ವಿದ್ಯುತ್ ಮಗ್ಗದ ಬಿಡುವಿಲ್ಲದ ಗದ್ದಲ. ಇನ್ನೊಂದು ಮನೆಯಿಂದ ಕೈಮಗ್ಗದ ಲಾಳಿ ಅತ್ತಿತ್ತ ಓಡುವ, ನಡುನಡುವೆ ನಿಂತು ಮತ್ತೆ ಆರಂಭವಾಗುವ ಲಯ. ಕುರುಹಿನಶೆಟ್ಟಿ, ದೇವಾಂಗ, ಪದ್ಮಸಾಲಿ, ಸ್ವಕುಳಸಾಳಿ ಮೊದಲಾದ ಹಲವು ಸಮಾಜಗಳವರು ಇಲ್ಲಿ ತಲೆಮಾರುಗಳಿಂದ ನೇಯ್ಗೆಯನ್ನೇ ನೆಚ್ಚಿ ಬಾಳಿದ್ದಾರೆ. ನಾವು ತಂಗಿದ್ದ ಮನೆಯೂ ಅಂತಹದೇ. ಬಾಗಿಲು ದಾಟಿದೊಡನೆ ಪಡಸಾಲೆ. ಅದರ ಎಡಭಾಗದಲ್ಲಿ ನೆಲದಲ್ಲಿ ತೋಡಿದ ಕುಣಿ. ಅದರೊಳಗೆ ಕಾಲಿಳಿಬಿಟ್ಟು ನೆಲದ ಮಟ್ಟದಲ್ಲಿ ಕುಳಿತು ನೇಯುವ ಮಗ್ಗ. ಬಲಭಾಗದಲ್ಲಿ ದೇವರ ಕೋಣೆ, ಅಡುಗೆಮನೆ. ಒಂದು ಮಾರು ಅಂತರದಲ್ಲಿ ಕಾಯಕವೂ ಸಂಸಾರವೂ ಅಕ್ಕಪಕ್ಕದಲ್ಲಿವೆ.

ಇಳಕಲ್ ಸೀರೆಯ ವಿಶೇಷವನ್ನು ಯಜಮಾನರು ನಮಗೆ ಮಗ್ಗದ ಬಳಿಯಲ್ಲಿಯೇ ಕುಳ್ಳಿರಿಸಿ ತಿಳಿಸಿದರು. ಒಡಲು ಹತ್ತಿಯದು, ಸೆರಗು ರೇಷ್ಮೆಯದು. ಈ ಎರಡು ಹಾಸುಗಳ ಎಳೆಗಳನ್ನು ಒಂದರ ಕುಣಿಕೆಯಲ್ಲಿ ಇನ್ನೊಂದನ್ನು ಸೇರಿಸಿ ಜೋಡಿಸುವ ಕ್ರಮಕ್ಕೆ ‘ಕೊಂಡಿ’ ಎನ್ನುತ್ತಾರೆ. ಕೆಂಪು ಸೆರಗಿನಲ್ಲಿ ಬಿಳಿಯ ಸಾಲುಗಳಾಗಿ ಮೂಡುವ ವಿನ್ಯಾಸಕ್ಕೆ ತೋಪುತೆನೆ ಎಂದು ಹೆಸರು. ದಡಿಗಳಲ್ಲಿ ಗೋಮಿ, ಚಿಕ್ಕಿ ಪರಾಸ್ ಮುಂತಾದ ಬಗೆಗಳಿವೆ. ಕೊಂಡಿಯ ಕಾರಣದಿಂದ ಆರು, ಎಂಟು, ಒಂಬತ್ತು ಗಜ ಎಂದು ಯಾವ ಅಳತೆಯ ಸೀರೆ ಬೇಕೋ ಆ ಅಳತೆಗೆ ಒಂದೊಂದು ಸೀರೆಗೂ ಬೇರೆಯೇ ಹಾಸು ಸಿದ್ಧವಾಗಬೇಕು. ಸೀರೆ ಮುಗಿದರೆ ಹಾಸು ಮುಗಿಯಿತು. ಈ ಸಣ್ಣ ಸಂಗತಿಯನ್ನು ಓದುಗರು ಮರೆಯದಿರಲಿ. ಮುಂದೆ ನಾವು ಹೇಳಲಿರುವುದಕ್ಕೆ ಇದರ ಸಂಬಂಧವಿದೆ.

ಆ ಮನೆಯ ಮಹಡಿಯ ಮೇಲೆ ಇನ್ನೊಂದು ಕಾಯಕ ನಡೆದಿತ್ತು. ಸೊಸೆ ಕಂಪ್ಯೂಟರ್ ಇಂಜಿನಿಯರಿಂಗ್ ಓದಿದ ಜಾಣೆ. ಬೆಂಗಳೂರಿನ ಒಂದು ಕಂಪೆನಿಯ ಉದ್ಯೋಗಿ. ಮಗ ಇಳಕಲ್ಲಿನಲ್ಲಿಯೇ ಗ್ರಾನೈಟ್ ವ್ಯವಹಾರದಲ್ಲಿದ್ದಾನೆ. ಹತ್ತು ವರ್ಷಗಳ ಹಿಂದೆ ಆಗಿದ್ದರೆ ಈ ಸಂಬಂಧ ಕೂಡಿಬರುತ್ತಿತ್ತೇ ಎಂಬುದು ಸಂಶಯ. ಹೆಣ್ಣು ನೌಕರಿ ಬಿಡಬೇಕಾಗಿತ್ತು, ಇಲ್ಲವೇ ಗಂಡು ಊರು ಬಿಡಬೇಕಾಗಿತ್ತು. 2020ರ ಮಾರ್ಚ್ 25ರಿಂದ ಕೊರೊನಾ ಕಾರಣವಾಗಿ ದೇಶವೆಲ್ಲ ಬಾಗಿಲು ಮುಚ್ಚಿದಾಗ ಬೆಂಗಳೂರಿನ ಸಾಫ್ಟ್‌ವೇರ್ ಕಚೇರಿಗಳು ಕೆಲವೇ ದಿನಗಳಲ್ಲಿ ನೌಕರರ ಮನೆಗಳಿಗೆ ಸ್ಥಳಾಂತರಗೊಂಡವು. ಅದೇ ವರ್ಷದ ನವೆಂಬರಿನಲ್ಲಿ ಕೇಂದ್ರ ದೂರಸಂಪರ್ಕ ಇಲಾಖೆಯು ಇಂತಹ ಕೆಲಸಕ್ಕೆ ತೊಡಕಾಗಿದ್ದ ಹಳೆಯ ನಿಯಮಗಳನ್ನು ಸಡಿಲಿಸಿತು. 2021ರಲ್ಲಿ ಇವರ ಮದುವೆ. ಲ್ಯಾಪ್‌ಟಾಪ್ ಎಂಬ ಪೆಟ್ಟಿಗೆಯೊಂದಿಗೆ ಸೊಸೆ ಈ ಮನೆ ತುಂಬಿದಳು. ಮಹಡಿಯ ಕೋಣೆಯನ್ನು ಅವಳ ಸಂಬಳದ ಮೇಲೆ ಸಾಲ ತೆಗೆದು ಕಟ್ಟಿಸಿದ್ದಾರೆ. ಈಗ ಮೂರು ವರ್ಷದ ಮೊಮ್ಮಗಳಿದ್ದಾಳೆ.

ಇದರ ಅನುಕೂಲಗಳನ್ನು ಕಡಿಮೆಯೆಂದು ಹೇಳುವುದು ಅನ್ಯಾಯವಾದೀತು. ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಸಂಜೆ ಆರು ಗಂಟೆಗೆ ಸಿಕ್ಕಿಕೊಂಡವರಿಗೆ ಅದರ ಬೆಲೆ ತಿಳಿದಿದೆ. ಬಾಡಿಗೆ ಉಳಿಯಿತು, ಮುಂಗಡದ ಚಿಂತೆ ಉಳಿಯಿತು. ಮಗು ಅಜ್ಜ ಅಜ್ಜಿಯರ ಕೈಯಲ್ಲಿ ಬೆಳೆಯುತ್ತಿದೆ. ಸಂಬಳದ ಹಣ ಇಳಕಲ್ಲಿನ ಸಂತೆಯಲ್ಲಿಯೇ ಖರ್ಚಾಗುತ್ತಿದೆ. ಬಿಸಿ ರೊಟ್ಟಿ, ಹಿಂಡಿಪಲ್ಯ ಕೈಗೆಟಕುತ್ತದೆ. ಕಲಿತ ಹೆಣ್ಣುಮಗಳು ಕಲಿತದ್ದನ್ನು ಮೂಲೆಗಿಡದೆ ಸಂಸಾರ ಮಾಡುತ್ತಿದ್ದಾಳೆ. ಇಂತಹ ಮನೆಗಳು ನಮ್ಮ ಜಿಲ್ಲೆಗಳಲ್ಲಿ ಇನ್ನೂ ಹೆಚ್ಚಲಿ ಎಂದೇ ನಮ್ಮ ಆಸೆ.

ಆದರೆ ನಾಲ್ಕು ದಿನ ಒಂದೇ ಸೂರಿನಡಿ ಇದ್ದವರಿಗೆ ಇನ್ನೂ ಕೆಲವು ಸಂಗತಿಗಳು ಕಾಣದೆ ಇರುವುದಿಲ್ಲ. ಸೊಸೆ ಬೆಳಗಿನ ಐದೂವರೆಗೆ ಏಳುತ್ತಾಳೆ. ಅಂಗಳ, ನೀರು, ಮಗುವಿನ ಸ್ನಾನ, ಅತ್ತೆಯವರೊಂದಿಗೆ ಅಡುಗೆ. ಒಂಬತ್ತಕ್ಕೆ ಮಹಡಿ ಹತ್ತುತ್ತಾಳೆ. ಮಧ್ಯಾಹ್ನದ ಊಟಕ್ಕೆ ಇಳಿದು ಬಂದರೂ ಕಿವಿಯಲ್ಲಿ ಆ ಪುಟ್ಟ ಯಂತ್ರ ಇದ್ದೇ ಇರುತ್ತದೆ. ರೊಟ್ಟಿಯ ತುಣುಕು ಕೈಯಲ್ಲಿರುವಾಗಲೇ ‘ಎಸ್, ಎಸ್’ ಎನ್ನುತ್ತಾಳೆ. ಸಂಜೆ ಆರಕ್ಕೆ ಇಳಿದು ಮಗುವಿಗೆ ಉಣಿಸಿ, ರಾತ್ರಿಯ ಅಡುಗೆ ಮುಗಿಸಿ ಮತ್ತೆ ಹತ್ತುತ್ತಾಳೆ. ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಬೆಳಗಿನ ಎಂಟು ಗಂಟೆಯಾದಾಗ ಚಳಿಗಾಲದಲ್ಲಿ ನಮಗೆ ರಾತ್ರಿ ಒಂಬತ್ತೂವರೆ. ಅಲ್ಲಿಯವರ ದಿನ ಆರಂಭವಾಗುವುದು ಇವಳ ದಿನ ಮುಗಿಯಬೇಕಾದಾಗ. ನಾವು ಇದ್ದ ನಾಲ್ಕು ರಾತ್ರಿಗಳಲ್ಲಿ ಮೂರು ರಾತ್ರಿ ಮಹಡಿಯ ದೀಪ ಹನ್ನೊಂದೂವರೆಯವರೆಗೆ ಉರಿಯುತ್ತಿತ್ತು. ಮೊಮ್ಮಗಳನ್ನು ‘ಅವ್ವ ಎಲ್ಲವಾ?’ ಎಂದು ಕೇಳಿದರೆ, ‘ಮ್ಯಾಲ ಅದಾಳ, ಮನ್ಯಾಗ ಇಲ್ಲ’ ಎಂದಿತು ಆ ಕೂಸು. ಎಲ್ಲರೂ ನಕ್ಕೆವು. ಸೊಸೆ ನಗಲಿಲ್ಲ.

ಅತ್ತೆಯವರು ಐವತ್ತು ವರ್ಷ ಮಗ್ಗದ ಸಹವಾಸದಲ್ಲಿ ಬಾಳಿದವರು. ಸೊಸೆಯ ಮೇಲೆ ಅವರಿಗೆ ದೂರಿಲ್ಲ; ಇರುವುದು ಮರುಕ. ಅವರು ಹೇಳಿದ ಮಾತನ್ನು ಅವರ ನುಡಿಯಲ್ಲಿಯೇ ಕೊಡುತ್ತೇವೆ: ‘ಮಗ್ಗದ ಕುಣಿಯಿಂದ ಎದ್ದೆ ಅಂದ್ರ ಎದ್ದಂಗವಾ. ಇಕಿ ಎದ್ದು ಅಡಗಿಮನಿಗೆ ಬಂದ್ರೂ ಎದ್ದಿರೂದಿಲ್ಲ.’

ಈ ಮಾತನ್ನು ನಾವು ಬಹಳ ಹೊತ್ತು ಚಿಂತಿಸಿದೆವು. ಮನೆಯಲ್ಲಿಯೇ ಕುಳಿತು ದುಡಿಯುವುದು ಹೊಸದೆಂದು ಪತ್ರಿಕೆಗಳು ಬರೆಯುತ್ತವೆ. ಇಳಕಲ್ಲಿನವರಿಗೆ ಅದರಲ್ಲಿ ಹೊಸದೇನಿದೆ? ಇಲ್ಲಿ ಮನೆಯೇ ಕಾರ್ಖಾನೆ, ಓಣಿಯೇ ಕಚೇರಿ. ಹೊಸದೇನೆಂದರೆ ಕೆಲಸಕ್ಕೆ ಜಾಗದ ಗುರುತು ಅಳಿಸಿಹೋದದ್ದು. ಮಗ್ಗ ಕುಣಿಯಲ್ಲಿ ನೆಟ್ಟಿದೆ. ಅದನ್ನು ಎತ್ತಿಕೊಂಡು ಜಾತ್ರೆಗೆ ಹೋಗಲಾಗದು, ಹಾಸಿಗೆಗೆ ಒಯ್ಯಲಾಗದು. ಕತ್ತಲಾದರೆ ಎಳೆಯ ಬಣ್ಣ ಸರಿಯಾಗಿ ತಿಳಿಯದು. ಬೆಳಗಿನ ಲಿಂಗಪೂಜೆ ಮುಗಿಯುವವರೆಗೆ ಯಜಮಾನರು ಲಾಳಿ ಮುಟ್ಟುವುದಿಲ್ಲ. ಹಾಸು ಮುಗಿದರೆ ಸೀರೆ ಮುಗಿಯಿತು. ಮಡಿಸಿ ಇಟ್ಟು ಕಣ್ಣಾರೆ ನೋಡಬಹುದು. ಸೊಸೆಯ ಹಾಸಿಗೆ ಕೊನೆಯೇ ಇಲ್ಲ. ಒಂದು ಕೆಲಸ ಒಪ್ಪಿಸುವಷ್ಟರಲ್ಲಿ ಇನ್ನೆರಡು ಪರದೆಯ ಮೇಲೆ ಕಾದಿರುತ್ತವೆ. ಪೆಟ್ಟಿಗೆಯನ್ನು ಮುಚ್ಚಿದರೂ ಅಂಗೈಯ ಮೊಬೈಲಿನಲ್ಲಿ ಅದೇ ಕಚೇರಿ ಮಿಣುಕುತ್ತದೆ.

ಹಾಗೆಂದು ಮಗ್ಗದ ಮನೆಯನ್ನು ಸ್ವರ್ಗವೆಂದು ಬಣ್ಣಿಸಲು ನಾವು ಸಿದ್ಧರಿಲ್ಲ. ನೇಕಾರನಿಗೆ ಸಿಗುವುದು ಸೀರೆಗೆ ಇಷ್ಟು ಎಂಬ ಕೂಲಿ; ಜ್ವರ ಬಂದ ದಿನ ಕೂಲಿಯಿಲ್ಲ. ಮದುವೆಯ ಹಂಗಾಮಿನಲ್ಲಿ ದೀಪ ಹಚ್ಚಿ ನೇಯ್ದ ರಾತ್ರಿಗಳನ್ನು ಯಜಮಾನರೇ ನೆನೆದರು. ಕುಣಿಯಲ್ಲಿ ಕುಳಿತು ಅವರ ಸೊಂಟ ಬಾಗಿದೆ. ಇನ್ನು ಅತ್ತೆಯವರು ನೂಲು ಬಿಡಿಸಿ, ಕಂಡಿಕೆ ಸುತ್ತಿ, ಎಳೆ ಕೂಡಿಸಿ ಕಳೆದ ವರ್ಷಗಳಿಗೆ ಯಾವ ಲೆಕ್ಕದ ಪುಸ್ತಕದಲ್ಲಿಯೂ ಪುಟವಿಲ್ಲ. 2019–20ರ ಅಖಿಲ ಭಾರತ ಕೈಮಗ್ಗ ಗಣತಿಯಂತೆ ದೇಶದ 35 ಲಕ್ಷಕ್ಕೂ ಮಿಕ್ಕ ಕೈಮಗ್ಗ ಕೆಲಸಗಾರರಲ್ಲಿ ನೂರಕ್ಕೆ 70ಕ್ಕಿಂತ ಹೆಚ್ಚು ಮಂದಿ ಮಹಿಳೆಯರು. ಮನೆಯೊಳಗೆ ನಡೆಯುವ ಕೆಲಸವನ್ನು ಮನೆಗೆಲಸದೊಂದಿಗೆ ಬೆರೆಸಿ ಲೆಕ್ಕದಿಂದ ಬಿಡುವ ರೂಢಿ ಹಳೆಯದೇ. ಅದು ಈಗ ಮಹಡಿಯನ್ನೂ ಏರಿದೆ. 2024ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯಲ್ಲಿ, ಮನೆಯವರಿಗಾಗಿ ಕೂಲಿಯಿಲ್ಲದೆ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ 289 ನಿಮಿಷ ಕೊಡುತ್ತಾರೆ, ಗಂಡಸರು 88 ನಿಮಿಷ ಎಂದಿದೆ. ಸೊಸೆ ಮನೆಯಲ್ಲಿಯೇ ಇದ್ದಾಳಲ್ಲ, ಬಾಗಿಲಿಗೆ ಬಂದವರಿಗೆ ಚಹಾ ಮಾಡಿಕೊಟ್ಟಾಳು ಎಂದು ನಾವೂ ನೀವೂ ಎಣಿಸುವುದು ಸಹಜ. ಅವಳು ಕಚೇರಿಯಲ್ಲಿದ್ದಾಳೆ ಎಂಬುದು ನೆನಪಾಗುವುದಿಲ್ಲ. ಮಗ ಮನೆಯಿಂದ ಕೆಲಸ ಮಾಡುತ್ತಿದ್ದರೆ ಬಾಗಿಲು ಮುಚ್ಚಿ, ‘ಗದ್ದಲ ಮಾಡಬ್ಯಾಡ್ರಿ’ ಎಂದು ಮನೆಯವರೆಲ್ಲ ಮೆಲ್ಲಗೆ ನಡೆಯುತ್ತಿದ್ದರೇನೋ.

ಮೂರನೆಯ ದಿನ ಭಾನುವಾರ. ಮನೆಮಂದಿಯೆಲ್ಲ ಕೂಡಿ ಕೂಡಲಸಂಗಮಕ್ಕೆ ಹೋದೆವು. ಮಲಪ್ರಭೆ ಬಂದು ಕೃಷ್ಣೆಯನ್ನು ಕೂಡುವ ಆ ನೆಲೆಯನ್ನು ಎಷ್ಟು ಸಲ ಕಂಡರೂ ಕಣ್ಣು ದಣಿಯದು. ನಾರಾಯಣಪುರದ ಬಸವಸಾಗರ ಅಣೆಕಟ್ಟಿನ ಹಿನ್ನೀರು ಇಲ್ಲಿಯವರೆಗೂ ಹರಡಿ ಎರಡು ನದಿಗಳ ಗಡಿಯನ್ನು ಮಸುಕುಗೊಳಿಸಿದೆ. ಬಸವಣ್ಣನವರ ಐಕ್ಯಮಂಟಪವನ್ನು ನೀರಿನಿಂದ ಕಾಪಾಡಲು ಸುತ್ತಲೂ ಎತ್ತರದ ಗೋಡೆ ಕಟ್ಟಿ ದೊಡ್ಡ ಬಾವಿಯಂತೆ ಮಾಡಿದ್ದಾರೆ. ಮೇಲಿನಿಂದ ಮೆಟ್ಟಿಲಿಳಿದು ಮಂಟಪವನ್ನು ತಲುಪಬೇಕು. ಹೊರಗೆ ಗೋಡೆಗೆ ತಾಗಿ ಅಷ್ಟೊಂದು ನೀರು. ಒಳಗೆ ಒಣ ನೆಲ, ನಿಶ್ಶಬ್ದ. ಇಳಿಯುತ್ತ ಇಳಿಯುತ್ತ ಮಾತು ತಾನಾಗಿ ಕಡಿಮೆಯಾಗುತ್ತದೆ.

ಸೊಸೆ ನಮ್ಮೊಂದಿಗೆ ಇಳಿಯಲಿಲ್ಲ. ಕಂಪೆನಿಯ ಯಾವುದೋ ಯಂತ್ರ ಕೆಟ್ಟುನಿಂತಿತ್ತಂತೆ. ಮೊಬೈಲು ಹಿಡಿದು ಮೇಲೆ ಗೋಡೆಯ ಪಕ್ಕದಲ್ಲಿ ನಿಂತು ಮುಕ್ಕಾಲು ಗಂಟೆ ಮಾತನಾಡಿದಳು. ಮಗು ಅವಳ ಸೆರಗು ಹಿಡಿದು ಜಗ್ಗುತ್ತಿತ್ತು. ದಾಸೋಹ ಭವನದಲ್ಲಿ ಪಂಕ್ತಿಗೆ ಕುಳಿತಾಗ ಅವಳ ಕಣ್ಣು ತುಂಬಿತ್ತು. ಯಾರೂ ಏನೂ ಕೇಳಲಿಲ್ಲ.

ಆ ರಾತ್ರಿ ಪಡಸಾಲೆಯಲ್ಲಿ ಮಾತು ಕಾಯಕದ ಕಡೆಗೆ ತಿರುಗಿತು. ಶರಣರು ಕಾಯಕವನ್ನು ಕೈಲಾಸವೆಂದು ಬಗೆದವರು. ಹೀಗಿರುವಾಗ ಇಷ್ಟು ಗಂಟೆ ದುಡಿಯಬೇಕು, ಇಷ್ಟು ಸಾಕು ಎಂದು ಎಣಿಸುವುದು ಸರಿಯೇ ಎಂದು ಮಗ ಕೇಳಿದ. ಯಜಮಾನರು ನುಲಿಯ ಚಂದಯ್ಯನವರ ಕಥೆಯನ್ನು ಹೇಳಿದರು. ಹುಲ್ಲು ಕೊಯ್ಯುವಾಗ ಇಷ್ಟಲಿಂಗ ನೀರಿಗೆ ಜಾರಿದರೂ ಅವರು ಕಾಯಕ ಬಿಡದೆ ನಡೆದರೆಂದೂ, ಕೊನೆಗೆ ಲಿಂಗವೇ ಅವರ ಬೆನ್ನು ಹತ್ತಿತೆಂದೂ ಕಥೆ. ಕಂಪೆನಿಗಳ ಮೇಲಧಿಕಾರಿಗಳಿಗೆ ಈ ಕಥೆ ತಿಳಿದರೆ ಬಹಳ ಮೆಚ್ಚಿಯಾರು. 2023ರ ಅಕ್ಟೋಬರಿನಲ್ಲಿ ಇನ್ಫೋಸಿಸ್ ಸ್ಥಾಪಕರಲ್ಲೊಬ್ಬರಾದ ನಾರಾಯಣ ಮೂರ್ತಿಯವರು ತರುಣರು ವಾರಕ್ಕೆ 70 ಗಂಟೆ ದುಡಿಯಬೇಕೆಂದು ಹೇಳಿದಾಗ ನಾಡಿನಲ್ಲೆಲ್ಲ ಚರ್ಚೆಯಾದದ್ದು ಓದುಗರಿಗೆ ನೆನಪಿರಬಹುದು. ವಾರಕ್ಕೆ 55 ಗಂಟೆ ಮತ್ತು ಅದಕ್ಕೂ ಹೆಚ್ಚು ದುಡಿತದಿಂದಾಗಿ 2016ನೇ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ 7 ಲಕ್ಷ 45 ಸಾವಿರ ಮಂದಿ ಪಾರ್ಶ್ವವಾಯು ಹಾಗೂ ಹೃದ್ರೋಗಗಳಿಂದ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯೂ 2021ರಲ್ಲಿ ಅಂದಾಜಿಸಿದ್ದವು.

ಚಂದಯ್ಯನವರ ಕಥೆ ಮುಗಿದ ಮೇಲೆ ಅತ್ತೆಯವರು, ‘ಹಂಗಾದ್ರ ಲಕ್ಕಮ್ಮನ ಮಾತು ಎಲ್ಲಿ ಹೋತು?’ ಎಂದರು. ಆಯ್ದಕ್ಕಿ ಲಕ್ಕಮ್ಮ, ಮಾರಯ್ಯ ದಂಪತಿಗಳು ಇಳಕಲ್ಲಿನಿಂದ ಬಹಳ ದೂರದವರೇನಲ್ಲ. ರಾಯಚೂರು ಜಿಲ್ಲೆ ಲಿಂಗಸೂಗೂರು ತಾಲ್ಲೂಕಿನ ಅಮರೇಶ್ವರದವರು. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಜಂಗಮ ದಾಸೋಹ ನಡೆಸುವುದು ಅವರ ಕಾಯಕ. ಒಂದು ದಿನ ಮಾರಯ್ಯ ವಾಡಿಕೆಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ಒಲೆಗೇರಿಸಲಿಲ್ಲ. ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರಲು ಗಂಡನನ್ನು ಹಿಂದಕ್ಕೆ ಕಳುಹಿಸಿದಳು. ಚಂದಯ್ಯನವರ ಕಥೆ ಕಾಯಕದ ನಿಷ್ಠೆಯನ್ನು ಹೇಳಿದರೆ ಲಕ್ಕಮ್ಮನ ಕಥೆ ಕಾಯಕದ ಅಳತೆಯನ್ನು ಹೇಳುತ್ತದೆ. ಮೊದಲನೆಯದನ್ನು ಸಭೆಗಳಲ್ಲಿ ಮತ್ತೆ ಮತ್ತೆ ಕೇಳುತ್ತೇವೆ. ಎರಡನೆಯದನ್ನು ಹೇಳುವವರು ನಮ್ಮಲ್ಲಿ ಕಡಿಮೆಯಾಗುತ್ತಿದ್ದಾರೆ.

ಈ ಅಳತೆಯನ್ನು ಮನೆಯಿಂದ ದುಡಿಯುವವರಿಗೆ ಹಿಡಿದು ನೋಡಬಹುದು. ಅರ್ಥಶಾಸ್ತ್ರಜ್ಞ ನಿಕೊಲಸ್ ಬ್ಲೂಮ್ ಮತ್ತು ಸಂಗಡಿಗರು 27 ದೇಶಗಳಲ್ಲಿ ನಡೆಸಿ 2023ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಮನೆಯಿಂದ ಕೆಲಸ ಮಾಡಿದ ದಿನ ಪ್ರಯಾಣದ ಸಮಯ ಸರಾಸರಿ 72 ನಿಮಿಷ ಉಳಿಯುತ್ತದೆ. ಉಳಿದ ಈ ಸಮಯ ಯಾರ ಪಾಲಾಯಿತು? ನೂರಕ್ಕೆ 40 ಭಾಗ ಮತ್ತೆ ಕೆಲಸಕ್ಕೇ ಹೋಯಿತು. 34 ಭಾಗ ವಿರಾಮಕ್ಕೆ. ಮಕ್ಕಳು ಹಾಗೂ ಹಿರಿಯರ ಆರೈಕೆಗೆ 11 ಭಾಗ. ನಮ್ಮ ಸೊಸೆಯ ಲೆಕ್ಕದಲ್ಲಿ ವಿರಾಮದ ಪಾಲು ನಮಗೆ ಕಾಣಿಸಲಿಲ್ಲ. ಹೆಚ್ಚಾಗಿ ಬಂದ ಅಕ್ಕಿಯನ್ನು ಸುರಿದು ಬರುವ ಧೈರ್ಯ ಅವಳಿಗೆ ಇನ್ನೂ ಬಂದಿಲ್ಲ. ಸಾಲ ಇರುವ ಮನೆಯಲ್ಲಿ ಅದು ಸುಲಭವೂ ಅಲ್ಲ.

ಪರಿಹಾರಗಳನ್ನು ಯೋಚಿಸಿದ ದೇಶಗಳು ಇಲ್ಲದಿಲ್ಲ. ಫ್ರಾನ್ಸಿನಲ್ಲಿ 2017ರ ಆರಂಭದಿಂದ, ದುಡಿಮೆಯ ಹೊತ್ತು ಮುಗಿದ ಮೇಲೆ ಕಚೇರಿಯ ಸಂಪರ್ಕದಿಂದ ದೂರವಿರುವ ಹಕ್ಕಿನ ಬಗ್ಗೆ ದೊಡ್ಡ ಸಂಸ್ಥೆಗಳು ನೌಕರರೊಂದಿಗೆ ಮಾತುಕತೆ ನಡೆಸಬೇಕೆಂಬ ಕಾನೂನಿದೆ. ಪೋರ್ಚುಗಲ್ 2021ರಲ್ಲಿ, ಆಸ್ಟ್ರೇಲಿಯಾ 2024ರಲ್ಲಿ ತಮ್ಮದೇ ಬಗೆಯ ಕಾನೂನುಗಳನ್ನು ತಂದವು. ನಮ್ಮ ಲೋಕಸಭೆಯಲ್ಲಿ ಸಂಸದೆ ಸುಪ್ರಿಯಾ ಸುಳೆಯವರು ಇಂತಹುದೇ ಖಾಸಗಿ ಮಸೂದೆಯನ್ನು ಮಂಡಿಸಿದ್ದುಂಟು.

ಹೊರಡುವ ಮುನ್ನಾದಿನ ವಿಜಯಮಹಾಂತೇಶ ಮಠಕ್ಕೆ ಹೋದೆವು. ಲಿಂಗೈಕ್ಯ ಡಾ. ಮಹಾಂತ ಸ್ವಾಮಿಗಳು 1975ರಲ್ಲಿ ಆರಂಭಿಸಿದ ‘ಮಹಾಂತ ಜೋಳಿಗೆ’ಯ ಕಥೆಯನ್ನು ಕೇಳದವರು ಈ ಸೀಮೆಯಲ್ಲಿ ಇಲ್ಲ. ಊರೂರು ತಿರುಗಿ, ಹಣವನ್ನೋ ಧಾನ್ಯವನ್ನೋ ಅಲ್ಲ, ಜನರ ಕುಡಿತ, ತಂಬಾಕುಗಳ ಚಟವನ್ನೇ ಭಿಕ್ಷೆಯಾಗಿ ಬೇಡಿದ ಜೋಳಿಗೆ ಅದು. ಅಲ್ಲಿಂದ ಮರಳುವಾಗ ಯಜಮಾನರು, ‘ಸ್ವಾಮಿಗಳು ಈಗ ಇದ್ದಿದ್ರ ರಾತ್ರಿ ಒಂಬತ್ತರ ಮ್ಯಾಲಿನ ಮೊಬೈಲ್ ಹಾಕ್ರಿ ಅಂತಿದ್ರು’ ಎಂದು ನಕ್ಕರು. ಸೊಸೆ, ‘ಮಾಮಾ, ನಂದು ಚಟ ಅಲ್ಲರಿ, ನೌಕರಿ’ ಎಂದಳು. ಅವರು ಒಡನೆಯೇ ನಗುವನ್ನು ನಿಲ್ಲಿಸಿ, ‘ಖರೆ ಐತಿ ನೋಡವಾ’ ಎಂದರು. ಆ ಹಿರಿಯರ ಬಗ್ಗೆ ನಮ್ಮ ಗೌರವ ಹೆಚ್ಚಿದ್ದು ಆ ಗಳಿಗೆಯಲ್ಲಿ.

ಅಸಲು ಸಂಕಟ ತಿಳಿದದ್ದು ಅಂದು ಸಂಜೆ. ವಾರಕ್ಕೆ ಮೂರು ದಿನ ಬೆಂಗಳೂರಿನ ಕಚೇರಿಗೆ ಬರಬೇಕೆಂದು ಕಂಪೆನಿಯಿಂದ ಸೂಚನೆ ಬಂದು ಎರಡು ವಾರವಾಗಿದೆಯಂತೆ. ಹಾಗಾದರೆ ಈ ಮನೆ ಎರಡಾಗುತ್ತದೆ. ಒಪ್ಪದಿದ್ದರೆ ಮಹಡಿಯ ಸಾಲ ಉಳಿಯುತ್ತದೆ. ರಾತ್ರಿ ಹನ್ನೊಂದರವರೆಗೆ ಅವಳು ಕುಳಿತದ್ದು ಇದೇ ಭಯದಿಂದ. ದೂರ ಕುಳಿತವಳು ದುಡಿಯುತ್ತಿಲ್ಲ ಎಂದು ಯಾರೂ ಅನ್ನದಿರಲಿ ಎಂಬ ಭಯ. ಎಲ್ಲವನ್ನೂ ಕಚೇರಿಗೆ ಕರೆಸಿಕೊಂಡರೆ ಲಾಭವಾದೀತೆಂಬುದೂ ಖಚಿತವಲ್ಲ. ಚೀನಾದ ಒಂದು ಪ್ರವಾಸ ಸಂಸ್ಥೆಯ 1,612 ನೌಕರರ ಮೇಲೆ ನಡೆದು 2024ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವಾರಕ್ಕೆ ಎರಡು ದಿನ ಮನೆಯಿಂದ ದುಡಿದವರ ಕೆಲಸದ ಗುಣಮಟ್ಟ ಕುಗ್ಗಲಿಲ್ಲ; ನೌಕರಿ ಬಿಡುವವರ ಪ್ರಮಾಣ ಮೂರನೆಯ ಒಂದು ಭಾಗದಷ್ಟು ತಗ್ಗಿತು. ಆದರೆ ಇಳಕಲ್ಲಿನಿಂದ ಬೆಂಗಳೂರಿಗೆ ಒಂದು ರಾತ್ರಿಯ ಪ್ರಯಾಣ. ವಾರಕ್ಕೆ ಮೂರು ದಿನ ಎಂಬುದು ಇವಳ ಪಾಲಿಗೆ ವಾರವಿಡೀ ಎಂದಂತೆ.

ಊಟದ ಮೇಲೆ ಐದೂ ಮಂದಿ ಮಗ್ಗದ ಪಕ್ಕದಲ್ಲಿ ಚಾಪೆ ಹಾಸಿ ಕುಳಿತರು. ಮಗು ಅಜ್ಜಿಯ ತೊಡೆಯ ಮೇಲೆ ನಿದ್ದೆ ಹೋಗಿತ್ತು. ತಿಂಗಳಿಗೆ ಒಂದು ವಾರ ಬೆಂಗಳೂರಿಗೆ ಬರುತ್ತೇನೆ, ಉಳಿದ ಮೂರು ವಾರ ಇಲ್ಲಿಂದಲೇ ಕೆಲಸ. ರಾತ್ರಿ ಎಂಟರ ನಂತರದ ಮೀಟಿಂಗ್‌ಗಳಿಂದ ಬಿಡುಗಡೆ ಬೇಕು ಎಂದು ಕಂಪೆನಿಗೆ ಬರೆಯುವುದೆಂದು ತೀರ್ಮಾನವಾಯಿತು. ಎರಡನೆಯ ಬೇಡಿಕೆಯನ್ನು ಸೇರಿಸಬೇಕೆಂದು ಹಟ ಹಿಡಿದವರು ಅತ್ತೆಯವರು. ಒಂಬತ್ತರಿಂದ ಆರರವರೆಗೆ ಮಹಡಿಯ ಬಾಗಿಲು ತಟ್ಟುವುದಿಲ್ಲ, ಬೀಗರು ಬಂದರೂ ಚಹಾಕ್ಕೆ ಕರೆಯುವುದಿಲ್ಲ, ರಾತ್ರಿಯ ಅಡುಗೆಯ ಹೊಣೆ ವಾರಕ್ಕೆ ಮೂರು ದಿನ ಮಗನದು ಎಂದೂ ಅವರೇ ಗೊತ್ತು ಮಾಡಿದರು. ಮಗ ರೊಟ್ಟಿ ತಟ್ಟಬಲ್ಲನೇ ಎಂದು ಯಜಮಾನರು ಕೇಳಿದರು. ‘ಅನ್ನ ಮಾಡಲಿ’ ಎಂದು ಉತ್ತರ ಬಂತು.

ಸೊಸೆ ಪತ್ರವನ್ನು ಅಲ್ಲಿಯೇ ಕುಳಿತು ಬರೆದು ಓದಿ ತೋರಿಸಿದಳು; ಎರಡು ಸಲ ತಿದ್ದಿ ಕಳುಹಿಸಿದಳು. ಮರುದಿನ ಬೆಳಿಗ್ಗೆ ನಮ್ಮ ಸೀರೆಗಳನ್ನು ಕಟ್ಟಿಕೊಡುವಾಗ ಯಜಮಾನರು ಒಂದೊಂದರ ಕೊಂಡಿಯನ್ನೂ ಬೆಳಕಿಗೆ ಹಿಡಿದು ತೋರಿಸಿದರು. ಹತ್ತೂವರೆಯ ಬಸ್ಸಿಗೆ ನಾವು ಹೊರಟೆವು. ಅಷ್ಟರವರೆಗೆ ಕಂಪೆನಿಯಿಂದ ಉತ್ತರ ಬಂದಿರಲಿಲ್ಲ.